ಮಲಪರೀಕ್ಷೆ: ಹುಡುಕಬೇಕಾದುದು ರೋಗಾಣುವನ್ನೋ, ಅದು ಸ್ರವಿಸುವ ವಿಷವನ್ನೋ?

ಬೇರಾವುದೋ ಕಾಯಿಲೆಗೆ ಆಸ್ಪತ್ರೆ ಸೇರಿದ ರೋಗಿಗೆ ನಾಲ್ಕಾರು ದಿನಗಳಲ್ಲಿ ಭೇದಿ ಕಾಣಿಸಿಕೊಂಡರೆ ವೈದ್ಯರು ಮಲಪರೀಕ್ಷೆಗೆ ಬರೆದುಕೊಡುವುದುಂಟು. ಪ್ರಯೋಗಾಲಯದ ವರದಿಯಲ್ಲಿ ಬ್ಯಾಕ್ಟೀರಿಯಾವೊಂದರ ಹೆಸರಿನ ಮುಂದೆ ‘ಪಾಸಿಟಿವ್’ ಎಂದಿದ್ದರೆ ಕಾರಣ ಸಿಕ್ಕಿತೆಂದೇ ಮನೆಯವರು ಭಾವಿಸುತ್ತಾರೆ. ಆದರೆ ಕರುಳಿನ ವಿಷಯದಲ್ಲಿ ಈ ತೀರ್ಮಾನ ಯಾವಾಗಲೂ ಸರಿಯಾಗಿರುವುದಿಲ್ಲ. ಆರೋಗ್ಯವಂತ ಮನುಷ್ಯನ ಕರುಳಿನಲ್ಲಿಯೂ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಅವುಗಳ ನಡುವೆ ರೋಗ ತರಬಲ್ಲ ಜಾತಿಯೊಂದು ಯಾವ ತೊಂದರೆಯನ್ನೂ ಕೊಡದೆ ಸುಮ್ಮನೆ ಇದ್ದುಬಿಡಬಹುದು. ಹಾನಿ ಮಾಡುವುದು ಬಹುಮಟ್ಟಿಗೆ ಆ ಜೀವಿಯಲ್ಲ, ಅದು ಸ್ರವಿಸುವ ವಿಷ.

ಆದ್ದರಿಂದ ವಿಷಕಾರಿ ಬ್ಯಾಕ್ಟೀರಿಯಾಗಳಿಗಾಗಿ ನಡೆಸುವ ಮಲಪರೀಕ್ಷೆ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ. ಆ ಬ್ಯಾಕ್ಟೀರಿಯಾ ಮಾದರಿಯಲ್ಲಿ ಇದೆಯೇ? ಇದ್ದರೆ, ವಿಷ ತಯಾರಿಸುವ ಸಾಮರ್ಥ್ಯ ಅದಕ್ಕಿದೆಯೇ? ಸಾಮರ್ಥ್ಯವಿದ್ದರೆ, ಈಗ ವಿಷವನ್ನು ತಯಾರಿಸುತ್ತಿದೆಯೇ? ಒಂದೊಂದು ಪ್ರಶ್ನೆಗೂ ಒಂದೊಂದು ಬಗೆಯ ಪರೀಕ್ಷೆ ಇದೆ. ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ತಿಳಿದರೆ ಅನಗತ್ಯ ಚಿಕಿತ್ಸೆ ನಡೆಯಬಹುದು. ಅಗತ್ಯವಿದ್ದ ಚಿಕಿತ್ಸೆ ತಪ್ಪಿಯೂ ಹೋಗಬಹುದು.

ಕಲ್ಕತ್ತದಲ್ಲಿ ಸಿಕ್ಕ ಸುಳಿವು

ಕರುಳಿನ ರೋಗದಲ್ಲಿ ವಿಷದ ಪಾತ್ರವೇನೆಂಬುದು ಖಚಿತವಾದದ್ದು ಭಾರತದಲ್ಲಿಯೇ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕಲ್ಕತ್ತಕ್ಕೆ ಬಂದು ಕಾಲರಾ ರೋಗಿಗಳನ್ನು ಪರಿಶೀಲಿಸಿ, 1884ರಲ್ಲಿ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಬ್ಯಾಕ್ಟೀರಿಯಾವೇ ರೋಗಕ್ಕೆ ಕಾರಣವೆಂದು ತೋರಿಸಿದ್ದರು. ಅದು ವಿಷವನ್ನು ಹೊರಬಿಡುತ್ತಿರಬೇಕೆಂಬ ಊಹೆಯೂ ಅವರಿಗಿತ್ತು. ಆದರೆ ಮುಂದಿನ ಏಳು ದಶಕಗಳಲ್ಲಿ ಆ ಊಹೆಗೆ ಪುರಾವೆ ಸಿಕ್ಕಿರಲಿಲ್ಲ.

ಆ ಪುರಾವೆಯನ್ನು ಒದಗಿಸಿದವರು ಕಲ್ಕತ್ತದವರೇ ಆದ ವೈದ್ಯ ವಿಜ್ಞಾನಿ ಶಂಭುನಾಥ ಡೇ. ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಅದರೊಳಗೆ ಕಾಲರಾ ಬ್ಯಾಕ್ಟೀರಿಯಾವನ್ನು ಸೇರಿಸಿದರೆ ಆ ಭಾಗ ನೀರು ತುಂಬಿ ಉಬ್ಬುತ್ತದೆ ಎಂಬುದನ್ನು ಅವರು 1953ರಲ್ಲಿ ತೋರಿಸಿದರು. ನಂತರ 1959ರಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದ ದ್ರವವನ್ನು ಸೋಸಿ, ಒಂದೂ ಜೀವಿ ಉಳಿಯದಂತೆ ಮಾಡಿ, ಆ ಬರಿಯ ದ್ರವವನ್ನೇ ಬಳಸಿದರು. ಆಗಲೂ ಕರುಳು ಉಬ್ಬಿತು. ಕರುಳಿನಿಂದ ನೀರನ್ನೂ ಲವಣವನ್ನೂ ಹೊರಸೆಳೆಯುತ್ತಿದ್ದುದು ಬ್ಯಾಕ್ಟೀರಿಯಾ ಬಿಟ್ಟುಹೋದ ವಿಷವೆಂಬುದು ಹೀಗೆ ಸಾಬೀತಾಯಿತು.

ಈ ಶೋಧದ ಪ್ರಾಯೋಗಿಕ ಅರ್ಥ ದೊಡ್ಡದು. ಕಾಲರಾ ಬ್ಯಾಕ್ಟೀರಿಯಾದಲ್ಲಿ 200ಕ್ಕೂ ಹೆಚ್ಚು ಗುಂಪುಗಳಿವೆ. ಸಾಂಕ್ರಾಮಿಕವಾಗಿ ಹಬ್ಬುವ ಕಾಲರಾಕ್ಕೆ ಕಾರಣವಾಗುವುದು ಅವುಗಳಲ್ಲಿ ಒ1 ಮತ್ತು ಒ139 ಎಂಬ ಎರಡೇ ಗುಂಪುಗಳ ವಿಷಕಾರಿ ತಳಿಗಳು. ಅಂದರೆ ಜಾತಿಯ ಹೆಸರು ತಿಳಿದ ಮಾತ್ರಕ್ಕೆ ರೋಗದ ಕಾರಣ ತಿಳಿದಂತಾಗುವುದಿಲ್ಲ.

ಔಷಧದ ಹಿಂದೆ ಬರುವ ಭೇದಿ

ಇಂದಿನ ಆಸ್ಪತ್ರೆಗಳಲ್ಲಿ ಈ ಮಾತನ್ನು ಅತ್ಯಂತ ಸ್ಪಷ್ಟವಾಗಿ ಮನವರಿಕೆ ಮಾಡಿಕೊಡುವ ಬ್ಯಾಕ್ಟೀರಿಯಾ ಎಂದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ವೈದ್ಯರು ಇದನ್ನು ಚಿಕ್ಕದಾಗಿ ‘ಸಿ. ಡಿಫ್’ ಎನ್ನುತ್ತಾರೆ. 1935ರಲ್ಲಿ ಅಮೆರಿಕದ ಹಾಲ್ ಮತ್ತು ಓಟೂಲ್ ಎಂಬ ಸಂಶೋಧಕರು ಇದನ್ನು ಮೊದಲು ಗುರುತಿಸಿದ್ದು ರೋಗಿಗಳಲ್ಲಲ್ಲ, ಆರೋಗ್ಯವಾಗಿದ್ದ ನವಜಾತ ಶಿಶುಗಳ ಮಲದಲ್ಲಿ. ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟವಾದ್ದರಿಂದ ಕಷ್ಟವೆಂಬ ಅರ್ಥದ ಲ್ಯಾಟಿನ್ ಪದವೇ ಹೆಸರಿಗೆ ಅಂಟಿಕೊಂಡಿತು. ಕ್ಲಿಂಡಮೈಸಿನ್ ಮೊದಲಾದ ಔಷಧಗಳನ್ನು ಸೇವಿಸಿದವರಲ್ಲಿ ಕಾಣಿಸಿಕೊಳ್ಳುತ್ತಿದ್ದ ತೀವ್ರ ದೊಡ್ಡಕರುಳಿನ ಉರಿಯೂತಕ್ಕೆ ಇದೇ ಕಾರಣವೆಂದು ತಿಳಿದದ್ದು ನಾಲ್ಕು ದಶಕಗಳ ನಂತರ, 1978ರಲ್ಲಿ.

ರೋಗ ಉಂಟಾಗುವ ಕ್ರಮ ಹೀಗಿದೆ. ಬೇರೊಂದು ಸೋಂಕಿಗಾಗಿ ನೀಡಿದ ಆ್ಯಂಟಿಬಯೋಟಿಕ್ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ನಾಶಪಡಿಸುತ್ತದೆ. ತೆರವಾದ ಜಾಗದಲ್ಲಿ ಸಿ. ಡಿಫ್‌ನ ಬೀಜಕಗಳು ಮೊಳೆತು ಬೆಳೆಯುತ್ತವೆ. ಟಾಕ್ಸಿನ್ ಎ ಮತ್ತು ಟಾಕ್ಸಿನ್ ಬಿ ಎಂಬ ಎರಡು ವಿಷಗಳು ದೊಡ್ಡಕರುಳಿನ ಒಳಪದರದ ಜೀವಕೋಶಗಳ ಆಧಾರ ಚೌಕಟ್ಟನ್ನು ಕೆಡಿಸುತ್ತವೆ. ನೀರುಭೇದಿ, ಹೊಟ್ಟೆನೋವು, ಜ್ವರ ಕಾಣಿಸಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಹಾಗೂ ದುರ್ಬಲರಲ್ಲಿ ರೋಗ ಪ್ರಾಣಾಪಾಯದ ಮಟ್ಟ ಮುಟ್ಟಬಹುದು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 2003 ಮತ್ತು 2005ರ ನಡುವೆ ಇದು ಎರಡು ಬಾರಿ ಹರಡಿ, ಕನಿಷ್ಠ 33 ರೋಗಿಗಳ ಸಾವಿಗೆ ಕಾರಣವಾಯಿತೆಂದು ಅಲ್ಲಿನ ಅಧಿಕೃತ ತನಿಖಾ ವರದಿ 2006ರಲ್ಲಿ ತಿಳಿಸಿತ್ತು.

ಆದರೆ ವಿಷದ ವಂಶವಾಹಿಯೇ ಇಲ್ಲದ ಸಿ. ಡಿಫ್ ತಳಿಗಳೂ ಇವೆ. ಅವು ಈ ರೋಗವನ್ನು ತರುವುದಿಲ್ಲ. ವಂಶವಾಹಿ ಇರುವ ತಳಿಯನ್ನು ಹೊತ್ತಿದ್ದರೂ ಯಾವ ತೊಂದರೆಯೂ ಇಲ್ಲದ ಜನರಿದ್ದಾರೆ. ಪ್ರಯೋಗಾಲಯದ ನಿಜವಾದ ಪರೀಕ್ಷೆ ಇರುವುದೇ ಇಲ್ಲಿ.

ಮಾದರಿಯಿಂದಲೇ ಎಚ್ಚರ

ಎಂಥ ಮಲವನ್ನು ಪರೀಕ್ಷಿಸಬೇಕೆಂಬುದು ಮೊದಲ ನಿರ್ಧಾರ. 24 ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ, ಬೇರೆ ಕಾರಣ ಕಾಣದಂತೆ ಹೊಸದಾಗಿ ಭೇದಿಯಾಗುತ್ತಿರುವವರನ್ನು ಮಾತ್ರ ಸಿ. ಡಿಫ್ ಪರೀಕ್ಷೆಗೆ ಒಳಪಡಿಸಬೇಕೆಂದು ಅಮೆರಿಕದ ಸೋಂಕುರೋಗ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಪಾತ್ರೆಯ ಆಕಾರವನ್ನೇ ತಾಳುವಷ್ಟು ತೆಳುವಾದ ಮಲ ಪರೀಕ್ಷೆಗೆ ಯೋಗ್ಯ. ಗಟ್ಟಿ ಮಲದ ಮಾದರಿಯನ್ನು ಅನೇಕ ಪ್ರಯೋಗಾಲಯಗಳು ಹಿಂದಿರುಗಿಸುವುದು ಈ ಕಾರಣದಿಂದಲೇ ಹೊರತು ಉದಾಸೀನದಿಂದಲ್ಲ. ಒಂದು ವರ್ಷದೊಳಗಿನ ಶಿಶುಗಳಲ್ಲಿ ರೋಗವಿಲ್ಲದೆಯೂ ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುವುದರಿಂದ ಅವರಿಗೆ ಈ ಪರೀಕ್ಷೆಯನ್ನು ವಾಡಿಕೆಯಂತೆ ಮಾಡುವುದಿಲ್ಲ.

ರೋಗಿಗೆ ಹಿಂದಿನ ಎರಡು ದಿನಗಳಲ್ಲಿ ಮಲಬದ್ಧತೆ ನಿವಾರಿಸುವ ಔಷಧ ನೀಡಲಾಗಿತ್ತೇ ಎಂಬುದನ್ನೂ ನೋಡಬೇಕು. ಆ ಔಷಧದಿಂದಲೇ ಭೇದಿಯಾಗುತ್ತಿದ್ದು, ಕರುಳಿನಲ್ಲಿ ನಿರುಪದ್ರವಿಯಾಗಿದ್ದ ಸಿ. ಡಿಫ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತಪ್ಪು ಆರೋಪಿಯನ್ನು ಹಿಡಿದಂತಾಗುತ್ತದೆ.

ಮಾದರಿಯ ಸಾಗಣೆಯೂ ಅಷ್ಟೇ ಮುಖ್ಯ. ಸಿ. ಡಿಫ್ ವಿಷ ಸಾಮಾನ್ಯ ಉಷ್ಣಾಂಶದಲ್ಲಿ ಬೇಗ ಕ್ಷಯಿಸುತ್ತದೆ. ಸಂಗ್ರಹಿಸಿದ ಎರಡು ಗಂಟೆಗಳಲ್ಲಿಯೇ ಅದು ಪತ್ತೆಯಾಗದ ಮಟ್ಟಕ್ಕೆ ಇಳಿಯಬಹುದು. ಕೂಡಲೇ ಪರೀಕ್ಷೆ ಸಾಧ್ಯವಿಲ್ಲದಿದ್ದರೆ ಮಾದರಿಯನ್ನು ಫ್ರಿಜ್‌ನಲ್ಲಿಡಬೇಕು. ಕಾಲರಾ ಶಂಕೆಯಿದ್ದಾಗ ಕ್ರಮವೇ ಬೇರೆ. ಅಲ್ಲಿ ಜೀವಂತ ಬ್ಯಾಕ್ಟೀರಿಯಾವನ್ನು ಬೆಳೆಸಬೇಕಾಗಿರುವುದರಿಂದ ಮಾದರಿಯನ್ನು ಕ್ಯಾರಿ-ಬ್ಲೇರ್ ಎಂಬ ಸಾಗಣೆ ಮಾಧ್ಯಮದಲ್ಲಿಟ್ಟು, ತಂಪುಗೊಳಿಸದೆ ಕಳುಹಿಸಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಸಾಗುವ ಒಂದು ಡಬ್ಬಿಯ ವರದಿ ‘ನೆಗೆಟಿವ್’ ಆಗಿದ್ದರೆ, ರೋಗವಿಲ್ಲದ್ದಕ್ಕೋ ವಿಷ ದಾರಿಯಲ್ಲೇ ಕರಗಿದ್ದಕ್ಕೋ ಎಂದು ಹೇಳುವುದು ಕಷ್ಟ.

ಮೂರು ಪರೀಕ್ಷೆ, ಮೂರು ಉತ್ತರ

ಮೊದಲ ಪರೀಕ್ಷೆ ಜಿಡಿಎಚ್ ಎಂಬ ಕಿಣ್ವವನ್ನು ಹುಡುಕುತ್ತದೆ. ಸಿ. ಡಿಫ್‌ನ ಎಲ್ಲ ತಳಿಗಳೂ, ವಿಷಕಾರಿಯಾಗಿರಲಿ ಇಲ್ಲದಿರಲಿ, ಇದನ್ನು ತಯಾರಿಸುತ್ತವೆ. ಹೀಗಾಗಿ ಇದು ಬ್ಯಾಕ್ಟೀರಿಯಾ ಇದೆಯೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ. ಇದರ ಫಲಿತಾಂಶ ‘ಇಲ್ಲ’ ಎಂದಾದರೆ ಸಿ. ಡಿಫ್ ಅನ್ನು ಹೆಚ್ಚುಕಡಿಮೆ ನಿಶ್ಚಿಂತೆಯಿಂದ ಪಟ್ಟಿಯಿಂದ ಕೈಬಿಡಬಹುದು. ‘ಇದೆ’ ಎಂದಾದರೆ ವಿಚಾರಣೆ ಮುಂದುವರಿಯಬೇಕು.

ಎರಡನೆಯದು ಪಿಸಿಆರ್ ಮಾದರಿಯ ಪರೀಕ್ಷೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಈ ವಿಧಾನ ಇಲ್ಲಿ ವಿಷ ತಯಾರಿಸುವ ವಂಶವಾಹಿಯನ್ನು ಹುಡುಕುತ್ತದೆ. ಅತ್ಯಲ್ಪ ಪ್ರಮಾಣವನ್ನೂ ಹಿಡಿಯಬಲ್ಲ ಸೂಕ್ಷ್ಮತೆ ಇದರ ಬಲ. ಆದರೆ ವಂಶವಾಹಿ ಇರುವುದು ವಿಷ ತಯಾರಾಗುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಮನೆಯಲ್ಲಿ ಬೆಂಕಿಪೊಟ್ಟಣ ಇರುವುದಕ್ಕೂ ಮನೆಗೆ ಬೆಂಕಿ ಬಿದ್ದಿರುವುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲಿದೆ.

ಮೂರನೆಯದು ಪ್ರತಿಕಾಯಗಳ ನೆರವಿನಿಂದ ವಿಷವನ್ನೇ ಗುರುತಿಸುವ ಇಐಎ ಪರೀಕ್ಷೆ. ಇದು ಪಾಸಿಟಿವ್ ಆದರೆ ರೋಗಲಕ್ಷಣವಿರುವ ವ್ಯಕ್ತಿಯಲ್ಲಿ ರೋಗ ಇದೆಯೆಂದು ನಂಬಲು ಬಲವಾದ ಆಧಾರ ಸಿಕ್ಕಂತೆ. ಇದರ ದೌರ್ಬಲ್ಯವೆಂದರೆ ಕಡಿಮೆ ಪ್ರಮಾಣದ ವಿಷ ಇದರ ಕಣ್ಣಿಗೆ ಬೀಳದಿರಬಹುದು.

ಇವೆಲ್ಲಕ್ಕೂ ಹಿಂದಿನದಾದ, ಇಂದಿಗೂ ಒರೆಗಲ್ಲಾಗಿ ಬಳಕೆಯಲ್ಲಿರುವ ವಿಧಾನವೊಂದಿದೆ. ಮಲವನ್ನು ಸೋಸಿದ ದ್ರವವನ್ನು ಗಾಜಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕುತ್ತಾರೆ. ವಿಷವಿದ್ದರೆ 24ರಿಂದ 48 ಗಂಟೆಗಳಲ್ಲಿ ಕೋಶಗಳು ಸುರುಟಿ ದುಂಡಗಾಗುತ್ತವೆ. ಪ್ರತಿವಿಷ ಬೆರೆಸಿದ ಇನ್ನೊಂದು ಪಾಲಿನಲ್ಲಿ ಹಾಗಾಗದಿದ್ದರೆ ಅದು ಸಿ. ಡಿಫ್ ವಿಷವೇ ಎಂದು ಖಚಿತ. ಸೋಸಿದ ದ್ರವವನ್ನೇ ನೆಚ್ಚಿದ ಡೇ ಅವರ ಪ್ರಯೋಗದ ತರ್ಕವೇ ಇಲ್ಲಿಯೂ ಇದೆ. ಹೆಚ್ಚು ಸಮಯ ಹಾಗೂ ಪರಿಣತಿ ಬೇಡುವುದರಿಂದ ದಿನನಿತ್ಯದ ಕೆಲಸಕ್ಕೆ ಇದು ಒಗ್ಗುವುದಿಲ್ಲ.

ಯಾವ ಒಂದು ಪರೀಕ್ಷೆಯೂ ಸಾಲದೆಂಬ ಕಾರಣಕ್ಕೆ ಯುರೋಪಿನ ತಜ್ಞರ ಸಂಘಟನೆ 2016ರಲ್ಲಿ ಹಂತಹಂತದ ಪರೀಕ್ಷೆಯನ್ನು ಶಿಫಾರಸು ಮಾಡಿತು. ಮೊದಲು ಜಿಡಿಎಚ್ ಅಥವಾ ಪಿಸಿಆರ್, ಅದು ಪಾಸಿಟಿವ್ ಆದರೆ ವಿಷದ ಪರೀಕ್ಷೆ. ಜಿಡಿಎಚ್ ಪಾಸಿಟಿವ್ ಆಗಿ ವಿಷ ಕಾಣದಿದ್ದರೆ ಪಿಸಿಆರ್ ನಡೆಸಬಹುದು. ಅದರಲ್ಲಿ ವಂಶವಾಹಿಯೂ ಸಿಗದಿದ್ದರೆ ಅದು ನಿರಪಾಯಕಾರಿ ತಳಿ. ವಂಶವಾಹಿ ಸಿಕ್ಕಿ ವಿಷ ಸಿಗದಿದ್ದರೆ ತೀರ್ಮಾನ ಯಂತ್ರದ್ದಲ್ಲ, ರೋಗಿಯನ್ನು ಕಣ್ಣಾರೆ ನೋಡುತ್ತಿರುವ ವೈದ್ಯರದು.

ಅತಿಯಾದ ಪತ್ತೆಯ ಬೆಲೆ

ಈ ಕೊನೆಯ ಗುಂಪು ಚಿಕ್ಕದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಕೇಂದ್ರದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,416 ಒಳರೋಗಿಗಳನ್ನು ಪರೀಕ್ಷಿಸಲಾಗಿತ್ತು. ಪಿಸಿಆರ್ ಪ್ರಕಾರ 293 ಮಂದಿ ಪಾಸಿಟಿವ್ ಆಗಿದ್ದರು. ಆದರೆ ಅವರಲ್ಲಿ 162 ಮಂದಿಯ, ಅಂದರೆ ಅರ್ಧಕ್ಕೂ ಹೆಚ್ಚಿನವರ, ಮಲದಲ್ಲಿ ವಿಷ ಕಂಡುಬರಲಿಲ್ಲ. ವಿಷವಿಲ್ಲದ ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಸಿ. ಡಿಫ್ ಚಿಕಿತ್ಸೆ ನೀಡಿರಲಿಲ್ಲ. ಆದರೂ ಅವರು ಚೇತರಿಸಿಕೊಂಡ ಬಗೆ ಬ್ಯಾಕ್ಟೀರಿಯಾವೇ ಇಲ್ಲದವರಿಗೆ ಸಮೀಪವಾಗಿತ್ತು. ಪಿಸಿಆರ್ ಒಂದನ್ನೇ ನಂಬಿದರೆ ರೋಗವಿಲ್ಲದ ಅನೇಕರು ರೋಗಿಗಳ ಪಟ್ಟಿಗೆ ಸೇರುತ್ತಾರೆಂದು ಅಧ್ಯಯನ ಎಚ್ಚರಿಸಿತು.

ಹಾಗೆ ಸೇರಿದರೆ ನಷ್ಟವೇನು ಎಂಬ ಪ್ರಶ್ನೆ ಸಹಜ. ಸಿ. ಡಿಫ್‌ಗೆ ಕೊಡುವ ವ್ಯಾಂಕೊಮೈಸಿನ್ ಕೂಡ ಆ್ಯಂಟಿಬಯೋಟಿಕ್ಕೇ ಆಗಿದ್ದು, ಕರುಳಿನ ಉಪಯುಕ್ತ ಜೀವಿಗಳನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿರಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಭೇದಿಯ ನಿಜವಾದ ಕಾರಣವನ್ನು ಹುಡುಕುವ ಕೆಲಸ ಅಲ್ಲಿಗೇ ನಿಂತುಬಿಡುತ್ತದೆ.

ಇದೇ ಕಾರಣಕ್ಕೆ ಏಳು ದಿನಗಳೊಳಗೆ ಅದೇ ಭೇದಿಗೆ ಮತ್ತೆ ಪರೀಕ್ಷೆ ಮಾಡಬಾರದು, ಗುಣವಾಯಿತೇ ಎಂದು ತಿಳಿಯಲು ಮಲಪರೀಕ್ಷೆ ಬೇಡ ಎಂಬ ನಿಯಮಗಳಿವೆ. ಭೇದಿ ನಿಂತ ಮೇಲೂ ವಾರಗಟ್ಟಲೆ ಪರೀಕ್ಷೆ ಪಾಸಿಟಿವ್ ಆಗಿಯೇ ಬರಬಹುದು. ಗುಣವಾದುದಕ್ಕೆ ಸಾಕ್ಷಿ ರೋಗಿಯ ಆರೋಗ್ಯವೇ ಹೊರತು ವರದಿಯಲ್ಲ. ಇಪ್ಪತ್ತಕ್ಕೂ ಹೆಚ್ಚು ರೋಗಾಣುಗಳ ವಂಶವಾಹಿಗಳನ್ನು ಒಂದೇ ಬಾರಿಗೆ ಹುಡುಕುವ ದುಬಾರಿ ಪರೀಕ್ಷಾ ಗುಚ್ಛಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅವು ಕೊಡುವುದು ಹಾಜರಿ ಪಟ್ಟಿಯನ್ನು, ಅಪರಾಧ ನಿರ್ಣಯವನ್ನಲ್ಲ.

ಹೆಸರು ಹುಡುಕಿ ಸೋತ ಪ್ರಸಂಗ

ಹೆಸರಿಗೆ ಜೋತುಬಿದ್ದರೆ ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಅದಕ್ಕೆ 2011ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಹರಡಿದ ರಕ್ತಭೇದಿ ನಿದರ್ಶನ. ಕರುಳಿನ ಸಾಮಾನ್ಯ ನಿವಾಸಿಯಾದ ಇ. ಕೊಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಶಿಗಾ ಎಂಬ ವಿಷವನ್ನು ತಯಾರಿಸುತ್ತವೆ. ಅವುಗಳಲ್ಲಿ ಹೆಚ್ಚು ಪರಿಚಿತವಾದ ಒ157 ತಳಿ 1982ರಲ್ಲಿ ಅಮೆರಿಕದಲ್ಲಿ ಪತ್ತೆಯಾಗಿತ್ತು. ಸಾರ್ಬಿಟಾಲ್ ಎಂಬ ಸಕ್ಕರೆಯನ್ನು ಇದು ಬೇಗ ಹುದುಗಿಸಲಾರದು. ಆ ಸಕ್ಕರೆ ಬೆರೆಸಿದ ತಟ್ಟೆಯಲ್ಲಿ ಬಣ್ಣವಿಲ್ಲದೆ ಬೆಳೆಯುವುದೇ ಅದರ ಗುರುತು.

ಜರ್ಮನಿಯಲ್ಲಿ ಹರಡಿದ್ದು ಒ104 ಎಂಬ ಬೇರೆ ತಳಿ. ಅದು ಸಾರ್ಬಿಟಾಲನ್ನು ಹುದುಗಿಸುತ್ತಿತ್ತು. ಒ157ರ ಗುರುತನ್ನಷ್ಟೇ ನೆಚ್ಚಿದ ಪರೀಕ್ಷೆಗೆ ಅದು ನಿರುಪದ್ರವಿಯಂತೆಯೇ ತೋರುತ್ತದೆ. ಶಿಗಾ ವಿಷವನ್ನೇ ಅಥವಾ ಅದರ ವಂಶವಾಹಿಯನ್ನು ಹುಡುಕುವ ಪರೀಕ್ಷೆಯಿಂದ ಮಾತ್ರ ಅದು ತಪ್ಪಿಸಿಕೊಳ್ಳಲಾರದು. ಒಟ್ಟು 3,816 ಪ್ರಕರಣಗಳು ವರದಿಯಾದವು. 845 ಮಂದಿಯಲ್ಲಿ ಮೂತ್ರಪಿಂಡಗಳಿಗೆ ಧಕ್ಕೆ ತರುವ ಗಂಭೀರ ಸ್ಥಿತಿ ಉಂಟಾಯಿತು. 54 ಮಂದಿ ಮೃತಪಟ್ಟರು. ಆರಂಭದಲ್ಲಿ ಸ್ಪೇನ್ ದೇಶದ ಸೌತೆಕಾಯಿಯ ಮೇಲೆ ತಪ್ಪಾಗಿ ಆರೋಪ ಹೊರಿಸಲಾಗಿತ್ತು. ಕೊನೆಗೆ ತನಿಖೆ ಬಂದು ನಿಂತದ್ದು ಮೊಳಕೆಕಾಳುಗಳ ಬಳಿ, ಅದರಲ್ಲಿಯೂ ಈಜಿಪ್ಟಿನಿಂದ ತರಿಸಿದ ಮೆಂತ್ಯದ ಬೀಜದ ಬಳಿ.

ಸರಿಯಾದ ಪತ್ತೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ. ಸಿ. ಡಿಫ್ ರೋಗಕ್ಕೆ ನಿರ್ದಿಷ್ಟ ಆ್ಯಂಟಿಬಯೋಟಿಕ್ ಬೇಕು. ಶಿಗಾ ವಿಷದ ಇ. ಕೊಲೈ ಶಂಕೆಯಿದ್ದರೆ ಆ್ಯಂಟಿಬಯೋಟಿಕ್ ಕೊಡುವುದರಿಂದ ಮೂತ್ರಪಿಂಡದ ತೊಂದರೆ ಹೆಚ್ಚಬಹುದೆಂಬ ಕಾರಣಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಾಲರಾದಲ್ಲಿ ಪ್ರಾಣ ಉಳಿಸುವುದು ಮೊದಲಿಗೆ ನೀರು ಮತ್ತು ಲವಣಗಳ ಮರುಪೂರಣ. ಮೂರೂ ಭೇದಿಗಳೇ, ಮೂರಕ್ಕೂ ಕಾರಣ ವಿಷವೇ, ಆದರೆ ಮೂರರ ಚಿಕಿತ್ಸೆಯೂ ಬೇರೆ ಬೇರೆ.

ದಾನಿಗೆ ಬೇರೆಯೇ ಮಾನದಂಡ

ಇದೇ ಪರೀಕ್ಷೆಯ ಅರ್ಥ ತಿರುಗುಮುರುಗಾಗುವ ಒಂದು ಸಂದರ್ಭವೂ ಇದೆ. ಸಿ. ಡಿಫ್ ರೋಗ ಪದೇ ಪದೇ ಮರುಕಳಿಸುವವರಿಗೆ ಆರೋಗ್ಯವಂತ ದಾನಿಯ ಮಲದಲ್ಲಿರುವ ಬ್ಯಾಕ್ಟೀರಿಯಾ ಸಮುದಾಯವನ್ನು ಕರುಳಿಗೆ ಸೇರಿಸುವ ಚಿಕಿತ್ಸೆ ಬಳಕೆಗೆ ಬಂದಿದೆ. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಈ ಚಿಕಿತ್ಸೆ ಪಡೆದ 16 ಮಂದಿಯ ಪೈಕಿ 13 ಮಂದಿ ಮೊದಲ ಬಾರಿಗೇ ಗುಣಮುಖರಾದರು. ಇಬ್ಬರು ಎರಡನೆಯ ಬಾರಿಗೆ ಗುಣಹೊಂದಿದರು. ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು.

ದಾನಿಗೆ ಯಾವ ರೋಗಲಕ್ಷಣವೂ ಇರುವುದಿಲ್ಲ. ಆದರೆ ಅವನ ಮಲದಲ್ಲಿ ಸುಮ್ಮನಿರುವ ಬ್ಯಾಕ್ಟೀರಿಯಾ ದುರ್ಬಲ ರೋಗಿಯ ಕರುಳು ಸೇರಿದರೆ ಸುಮ್ಮನಿರಬೇಕೆಂದಿಲ್ಲ. ದಾನಿಯ ಮಲದ ಮೂಲಕ ಶಿಗಾ ವಿಷದ ಇ. ಕೊಲೈ ರೋಗಿಗಳಿಗೆ ಹರಡಿರಬಹುದಾದ ಪ್ರಕರಣಗಳ ಕುರಿತು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2020ರ ಮಾರ್ಚ್‌ನಲ್ಲಿ ಎಚ್ಚರಿಕೆ ನೀಡಿತು. ಆ ಬಳಿಕ ದಾನಿಯ ಮಲದಲ್ಲಿ ಈ ಬ್ಯಾಕ್ಟೀರಿಯಾವನ್ನು ವಂಶವಾಹಿ ಪರೀಕ್ಷೆಯಿಂದಲೇ ಹುಡುಕಬೇಕೆಂಬ ನಿಲುವಿಗೆ ಒತ್ತು ಸಿಕ್ಕಿತು. ರೋಗಿಯ ವಿಷಯದಲ್ಲಿ ಅತಿಯೆನಿಸುವ ಸೂಕ್ಷ್ಮತೆ ದಾನಿಯ ವಿಷಯದಲ್ಲಿ ಕಡ್ಡಾಯವೆನಿಸುತ್ತದೆ. ಪರೀಕ್ಷೆ ಅದೇ, ಯಾರ ಮಲವೆಂಬುದರ ಮೇಲೆ ಉತ್ತರದ ಅರ್ಥ ಬೇರೆ.

ಜನರು ತಿಳಿದಿರಬೇಕಾದುದು

ಎಲ್ಲ ಭೇದಿಗೂ ಪರೀಕ್ಷೆ ಬೇಕಾಗಿಲ್ಲ. ಬಹುಪಾಲು ಭೇದಿಗಳು ಓಆರ್‌ಎಸ್ ದ್ರಾವಣ ಹಾಗೂ ವಿಶ್ರಾಂತಿಯಿಂದಲೇ ಶಮನವಾಗುತ್ತವೆ. ಮಲದಲ್ಲಿ ರಕ್ತ ಕಂಡರೆ, ತೀವ್ರ ಜ್ವರವಿದ್ದರೆ, ಅಕ್ಕಿ ತೊಳೆದ ನೀರಿನಂತೆ ಎಡೆಬಿಡದೆ ಭೇದಿಯಾಗುತ್ತಿದ್ದರೆ, ಅಥವಾ ಇತ್ತೀಚಿನ ವಾರಗಳಲ್ಲಿ ಆ್ಯಂಟಿಬಯೋಟಿಕ್ ಸೇವಿಸಿದ್ದರೆ ವಿಳಂಬವಿಲ್ಲದೆ ವೈದ್ಯರನ್ನು ಕಾಣಬೇಕು.

ವೈದ್ಯರಿಗೆ ಹೇಳಲೇಬೇಕಾದ ಸಂಗತಿಗಳು ಎರಡು. ಹಿಂದಿನ ಎರಡು ಮೂರು ತಿಂಗಳಲ್ಲಿ ಯಾವ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೀರಿ, ಹಿಂದಿನ ಎರಡು ದಿನಗಳಲ್ಲಿ ಮಲಬದ್ಧತೆಯ ಔಷಧ ಸೇವಿಸಿದ್ದೀರಾ ಎಂಬುದು. ಔಷಧದ ಚೀಟಿಯನ್ನೇ ಕೊಂಡೊಯ್ದರೆ ಇನ್ನೂ ಒಳ್ಳೆಯದು. ಮಾದರಿಯನ್ನು ಒಣಗಿದ, ಶುಚಿಯಾದ, ಸೋರದ ಡಬ್ಬಿಯಲ್ಲಿ ಮೂತ್ರ ಬೆರೆಯದಂತೆ ಸಂಗ್ರಹಿಸಿ ಬೇಗನೆ ತಲುಪಿಸಬೇಕು. ವರದಿ ಪಾಸಿಟಿವ್ ಎಂದು ಬಂದರೆ ಪತ್ತೆಯಾದದ್ದು ಬ್ಯಾಕ್ಟೀರಿಯಾವೋ, ವಂಶವಾಹಿಯೋ, ವಿಷವೋ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಮನೆಯಲ್ಲಿ ಅಥವಾ ವಾರ್ಡಿನಲ್ಲಿ ಸಿ. ಡಿಫ್ ರೋಗಿ ಇದ್ದರೆ ಸೋಪು ಮತ್ತು ನೀರಿನಿಂದ ಕೈತೊಳೆಯಬೇಕು. ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಇದರ ಬೀಜಕಗಳನ್ನು ಕೊಲ್ಲುವುದಿಲ್ಲ.

ಇವೆಲ್ಲಕ್ಕೂ ಮೊದಲಿನ ಎಚ್ಚರ ಔಷಧದಂಗಡಿಯ ಮುಂದೆ ಆರಂಭವಾಗುತ್ತದೆ. ಹಲವು ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಎಚ್1 ಅನುಸೂಚಿಯ ನಿಯಮ ಭಾರತದಲ್ಲಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಶೀತ, ನೆಗಡಿಗೆಲ್ಲ ಅಂಗಡಿಯಲ್ಲಿ ಕೇಳಿ ಪಡೆದು ನುಂಗುವ ಪ್ರತಿಯೊಂದು ಅನಗತ್ಯ ಮಾತ್ರೆಯೂ ಕರುಳಿನ ಕಾವಲುಗಾರರನ್ನು ಕಡಿಮೆ ಮಾಡುತ್ತದೆ. ಕಾವಲು ಬಲವಾಗಿರುವವರೆಗೆ ವಿಷಕಾರಿ ಬೀಜಕ ಒಳಹೊಕ್ಕರೂ ಮೊಳೆಯುವ ಅವಕಾಶ ಸುಲಭವಾಗಿ ಸಿಗುವುದಿಲ್ಲ.